ಯಂತ್ರವೇ ಬರೆಯಲಿ, ಆದರೆ ಮನುಷ್ಯ ಓದುವಂತಿರಲಿ

‘ಗೆಟ್‌ಯೂಸರ್: ಯೂಸರ್ ಅನ್ನು ಗೆಟ್ ಮಾಡುತ್ತದೆ.’

ಸಾಫ್ಟ್‌ವೇರ್ ಕೆಲಸದಲ್ಲಿರುವ ಯಾರನ್ನೇ ಕೇಳಿ, ಇಂಥದೊಂದು ಸಾಲನ್ನು ಓದಿ ಹಣೆ ಚಚ್ಚಿಕೊಂಡಿರುತ್ತಾರೆ. ಸಕ್ಕರೆ ಡಬ್ಬಿಯ ಮೇಲೆ ‘ಇದು ಸಕ್ಕರೆ ಇರುವ ಡಬ್ಬಿ’ ಎಂದು ಬರೆದ ಹಾಗೆ. ಸುಳ್ಳೇನಲ್ಲ, ಉಪಯೋಗವೂ ಇಲ್ಲ. ಆ ಯೂಸರ್ ಸಿಗದಿದ್ದರೆ ಏನು ವಾಪಸ್ ಬರುತ್ತದೆ? ಖಾಲಿ ಉತ್ತರವೋ, ಎರರ್ರೋ? ಖಾತೆ ಮುಚ್ಚಿದವರ ವಿವರವೂ ಸಿಗುತ್ತದೆಯೋ? ನಮಗೆ ಬೇಕಾದದ್ದು ಇವು. ಅಲ್ಲಿ ಇಲ್ಲದಿರುವುದೂ ಇವೇ. ಹೀಗೆ ತುಂಬಿಸಿದ ನೂರಾರು ಪುಟಗಳನ್ನು ‘ಡಾಕ್ಯುಮೆಂಟೇಷನ್’ ಎಂಬ ಹೆಸರಿನಲ್ಲಿ ಕೊಟ್ಟು ಕೈತೊಳೆದುಕೊಳ್ಳುವ ತಂಡಗಳು ಬೇಕಾದಷ್ಟಿವೆ. ಆ ಪುಟಗಳನ್ನು ಬರೆದದ್ದು ಮನುಷ್ಯರಲ್ಲ, ಒಂದು ಟೂಲ್. ಟೂಲ್ ಬರೆಯುವುದಕ್ಕೆ ನನ್ನ ತಕರಾರಿಲ್ಲ. ಅದು ಕೊಟ್ಟದ್ದನ್ನು ಒಮ್ಮೆಯೂ ಓದಿ ನೋಡದೆ, ನಮ್ಮ ಬಳಕೆದಾರರಿಗೆ ತಕ್ಕಂತೆ ತಿದ್ದದೆ ಹಾಗೇ ಹೊರಗೆ ಬಿಡುವುದಕ್ಕೆ ನನ್ನ ತಕರಾರು.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಎಸ್‌ಡಿಕೆ ಎಂದರೆ ಸಾಫ್ಟ್‌ವೇರ್ ಡೆವಲಪ್‌ಮೆಂಟ್ ಕಿಟ್. ಹಣ ಪಾವತಿ, ಮ್ಯಾಪ್, ಎಸ್‌ಎಂಎಸ್ ಹೀಗೆ ಒಂದು ಕಂಪನಿ ಕಟ್ಟಿದ ಸೇವೆಯನ್ನು ಬೇರೆಯವರು ತಮ್ಮ ಆ್ಯಪ್‌ಗೆ ಜೋಡಿಸಿಕೊಳ್ಳಲು ಕೊಡುವ ಸಲಕರಣೆ ಪೆಟ್ಟಿಗೆ ಅದು. ಪೆಟ್ಟಿಗೆ ಎಷ್ಟೇ ಚೆನ್ನಾಗಿದ್ದರೂ ಯಾವ ಸಲಕರಣೆ ಯಾವುದಕ್ಕೆ, ಹೇಗೆ ಹಿಡಿಯಬೇಕು ಎಂದು ಹೇಳುವ ಕೈಪಿಡಿ ಬೇಕೇ ಬೇಕು. ಆ ಕೈಪಿಡಿಯನ್ನು ಕೈಯಿಂದ ಬರೆದರೆ ಒಂದು ಕಷ್ಟವಿದೆ. ಕೋಡ್ ಬದಲಾಗುತ್ತಲೇ ಇರುತ್ತದೆ, ಕೈಪಿಡಿ ಹಿಂದೆ ಉಳಿಯುತ್ತದೆ. ಆರು ತಿಂಗಳಾಗುವಷ್ಟರಲ್ಲಿ ಎರಡಕ್ಕೂ ಸಂಬಂಧವೇ ಇರುವುದಿಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದೇ ಕೋಡ್‌ನಿಂದ ಕೈಪಿಡಿ ತೆಗೆಯುವ ಟೂಲ್‌ಗಳು. 1996ರಲ್ಲಿ ಹೊರಬಂದ ಜಾವಾದ ಮೊದಲ ಆವೃತ್ತಿಯ ಜೊತೆಗೇ ಜಾವಾಡಾಕ್ ಇತ್ತು. ಕೋಡ್ ಬರೆಯುವವರು ಪ್ರತಿ ಫಂಕ್ಷನ್‌ನ ತಲೆಯ ಮೇಲೆ ಒಂದು ಕಾಮೆಂಟ್ ಬರೆದರೆ ಸಾಕು, ಟೂಲ್ ಅವನ್ನೆಲ್ಲ ಹೆಕ್ಕಿ ವೆಬ್ ಪುಟ ಮಾಡಿಕೊಡುತ್ತಿತ್ತು. 1997ರಲ್ಲಿ ಡಾಕ್ಸಿಜನ್ ಬಂತು. 2008ರಲ್ಲಿ ಪೈಥಾನ್ ಭಾಷೆಯ ಕೈಪಿಡಿಗಾಗಿಯೇ ಸ್ಫಿಂಕ್ಸ್ ಬಂತು. ಈಗ ಓಪನ್‌ಎಪಿಐ ಎಂಬ ಮಾದರಿಯಲ್ಲಿ ಸೇವೆಯ ವಿವರವನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಕೈಪಿಡಿ ಮಾತ್ರವಲ್ಲ, ಹತ್ತಾರು ಭಾಷೆಗಳಲ್ಲಿ ಎಸ್‌ಡಿಕೆಯೇ ತಯಾರಾಗುತ್ತದೆ. ಒಂದು ಕಮಾಂಡ್, ಕೆಲವೇ ಸೆಕೆಂಡು. ಈ ಅನುಕೂಲವನ್ನು ಬಿಟ್ಟು ಹಳೆಯ ಕಾಲಕ್ಕೆ ಹೋಗೋಣ ಎಂದು ಯಾರೂ ಹೇಳುವುದಿಲ್ಲ.

ಆದರೆ ಟೂಲ್‌ಗೆ ಕಾಣುವುದೆಷ್ಟು? ಫಂಕ್ಷನ್‌ನ ಹೆಸರು, ಅದಕ್ಕೆ ಕೊಡಬೇಕಾದ ಮೌಲ್ಯಗಳ ಹೆಸರು, ಅವು ಅಂಕಿಯೋ ಅಕ್ಷರವೋ ಎಂಬುದು, ಏನು ವಾಪಸ್ ಬರುತ್ತದೆ ಎಂಬುದು. ಅಷ್ಟೇ. ಯಾವಾಗ ಇದನ್ನು ಬಳಸಬೇಕು, ಯಾವಾಗ ಬಳಸಬಾರದು, ಇದಕ್ಕೂ ಮೊದಲು ಯಾವುದನ್ನು ಕರೆಯಬೇಕು, ಎಲ್ಲಿ ಎಡವುತ್ತೀರಿ ಎಂಬುದು ಕೋಡ್‌ನಲ್ಲಿ ಇರುವುದಿಲ್ಲ, ಅದನ್ನು ಬರೆದವರ ತಲೆಯಲ್ಲಿರುತ್ತದೆ. ಬಸ್ ನಿಲ್ದಾಣದಲ್ಲಿ ಊರುಗಳ ಹೆಸರನ್ನು ಅಕಾರಾದಿಯಾಗಿ ಬರೆದ ಬೋರ್ಡ್ ನೇತುಹಾಕಿ, ಯಾವ ಬಸ್ಸು, ಎಷ್ಟು ಗಂಟೆಗೆ, ಎಲ್ಲಿ ಇಳಿದು ಬದಲಾಯಿಸಬೇಕು ಎಂಬುದನ್ನು ಹೇಳದೇ ಬಿಟ್ಟರೆ ಹೇಗಿರುತ್ತದೆ? ತಿದ್ದದೆ ಬಿಟ್ಟ ಡಾಕ್ಸ್ ಹಾಗಿರುತ್ತದೆ. ಊರುಗಳೆಲ್ಲ ಇವೆ, ಪ್ರಯಾಣ ಮಾತ್ರ ಆಗುವುದಿಲ್ಲ.

ಮೂರು ಉದಾಹರಣೆ ಕೊಡುತ್ತೇನೆ. ಒಂದು, ಹಣ. ಪಾವತಿ ಸೇವೆಯ ಎಸ್‌ಡಿಕೆಯಲ್ಲಿ ‘ಅಮೌಂಟ್: ಪೂರ್ಣಾಂಕ’ ಎಂದಷ್ಟೇ ಟೂಲ್ ಬರೆಯಬಲ್ಲದು. ಆದರೆ ಬೆಂಗಳೂರಿನ ರೇಜರ್‌ಪೇ ಸೇರಿದಂತೆ ಹಲವು ಸೇವೆಗಳಲ್ಲಿ ಮೊತ್ತವನ್ನು ರೂಪಾಯಿಯಲ್ಲಲ್ಲ, ಪೈಸೆಯಲ್ಲಿ ಕೊಡಬೇಕು. 299 ರೂಪಾಯಿ ಪಡೆಯಲು 29900 ಎಂದು ಬರೆಯಬೇಕು. ಬರೀ 299 ಎಂದರೆ ಗ್ರಾಹಕನಿಂದ ಬರುವುದು ಮೂರು ರೂಪಾಯಿಗೂ ಒಂದು ಪೈಸೆ ಕಡಿಮೆ. ರೇಜರ್‌ಪೇ ಇದನ್ನು ತನ್ನ ಕೈಪಿಡಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗೆ ಹೇಳಿದ್ದು ಟೂಲ್ ಅಲ್ಲ, ಯಾರೋ ಒಬ್ಬ ಮನುಷ್ಯ. ಎರಡು, ದಿನಾಂಕ. ಜಾವಾಸ್ಕ್ರಿಪ್ಟ್‌ನಲ್ಲಿ ತಿಂಗಳ ಎಣಿಕೆ ಸೊನ್ನೆಯಿಂದ ಶುರು. ಜನವರಿ 0. ರಾಜ್ಯೋತ್ಸವದ ದಿನ ಬೇಕೆಂದು 11ನೇ ತಿಂಗಳ 1 ಎಂದು ಕೊಟ್ಟರೆ ಸಿಗುವುದು ಡಿಸೆಂಬರ್ 1. ಮೂರು, ಸ್ಥಳ. ಗೂಗಲ್ ಮ್ಯಾಪ್ಸ್‌ನಲ್ಲಿ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಜಿಯೋಜೇಸನ್ ಎಂಬ ಮಾದರಿಯಲ್ಲಿ ರೇಖಾಂಶವೇ ಮೊದಲು. ಟೂಲ್‌ಗೆ ಎರಡೂ ‘ಅಂಕಿಗಳ ಪಟ್ಟಿ’. ಅದಲುಬದಲಾದರೆ ನಮ್ಮ ಬೆಂಗಳೂರು ಉತ್ತರ ಧ್ರುವದ ಹತ್ತಿರ, ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರಕ್ಕೆ ಹೋಗಿ ಬೀಳುತ್ತದೆ. ಮೂರು ಕಡೆಯೂ ಒಂದೇ ಒಂದು ಸಾಲು ಸೇರಿಸಿದ್ದರೆ ಯಾರದೋ ಒಂದು ದಿನ ಉಳಿಯುತ್ತದೆ.

ಹಾಗಾದರೆ ತಪ್ಪು ಟೂಲ್‌ನದಾ? ಅಲ್ಲ. ಜಾವಾದ ಸ್ವಂತ ಕೈಪಿಡಿಯೂ ಜಾವಾಡಾಕ್‌ನಿಂದಲೇ ತೆಗೆದದ್ದು. ಅಲ್ಲಿ ಸಬ್‌ಸ್ಟ್ರಿಂಗ್ ಎಂಬ ಫಂಕ್ಷನ್ ಹುಡುಕಿ ನೋಡಿ. ‘ಹ್ಯಾಮ್‌ಬರ್ಗರ್’ ಎಂಬ ಇಂಗ್ಲಿಷ್ ಪದದಲ್ಲಿ 4 ಮತ್ತು 8 ಎಂದು ಕೊಟ್ಟರೆ ‘ಅರ್ಜ್’ ಎಂಬ ನಾಲ್ಕಕ್ಷರದ ಪದ ಸಿಗುತ್ತದೆ ಎಂಬ ಉದಾಹರಣೆ ಇದೆ. ಎಣಿಕೆ ಸೊನ್ನೆಯಿಂದ ಶುರು, 8ನೆಯದು ಲೆಕ್ಕಕ್ಕಿಲ್ಲ ಎಂಬ ಎರಡು ಸೂಕ್ಷ್ಮಗಳು ಒಂದೇ ಏಟಿಗೆ ತಲೆಗೆ ಹೋಗುತ್ತವೆ. ಅದೇ ಟೂಲ್‌ನಿಂದ ‘ಗೆಟ್‌ಯೂಸರ್: ಯೂಸರ್ ಅನ್ನು ಗೆಟ್ ಮಾಡುತ್ತದೆ’ ಎಂಬುದೂ ಬರುತ್ತದೆ. ಹಾಕಿದ್ದನ್ನೇ ತಾನೇ ರುಬ್ಬುವುದು ಗ್ರೈಂಡರ್?

ತಿದ್ದುವುದು ಎಂದರೆ ತಯಾರಾದ ಪುಟಗಳನ್ನು ತೆರೆದು ಕೈಯಿಂದ ಬದಲಾಯಿಸುವುದಲ್ಲ. ಮುಂದಿನ ಸಲ ಟೂಲ್ ಓಡಿಸಿದಾಗ ಅದೆಲ್ಲ ಅಳಿಸಿಹೋಗುತ್ತದೆ. ‘ಈ ಕಡತವನ್ನು ತಿದ್ದಬೇಡಿ’ ಎಂದು ಅನೇಕ ಟೂಲ್‌ಗಳು ಮೇಲೆಯೇ ಬರೆದಿರುತ್ತವೆ. ತಿದ್ದಬೇಕಾದ ಜಾಗಗಳು ಬೇರೆ. ಮೊದಲನೆಯದು ಮೂಲ, ಅಂದರೆ ಕೋಡ್‌ನ ಮೇಲಿನ ಕಾಮೆಂಟ್ ಅಥವಾ ಓಪನ್‌ಎಪಿಐ ಕಡತದ ವಿವರಣೆ. ಎರಡನೆಯದು ಹೆಸರು. ಓಪನ್‌ಎಪಿಐನಲ್ಲಿ ಪ್ರತಿ ಕೆಲಸಕ್ಕೂ ‘ಆಪರೇಷನ್ ಐಡಿ’ ಎಂಬ ಹೆಸರು ಕೊಡಬಹುದು, ಕಡ್ಡಾಯವಲ್ಲ. ಕೊಡದಿದ್ದರೆ ಓಪನ್‌ಎಪಿಐ ಜನರೇಟರ್ ವಿಳಾಸವನ್ನೇ ಜೋಡಿಸಿ ‘ಯೂಸರ್ಸ್‌ಯೂಸರ್‌ಐಡಿಆರ್ಡರ್ಸ್‌ಗೆಟ್’ ಎಂಬಂಥ ಹೆಸರಿಡುತ್ತದೆ. ಉಸಿರು ಬಿಗಿಹಿಡಿದು ಓದಬೇಕು! ‘ಲಿಸ್ಟ್‌ಆರ್ಡರ್ಸ್’ ಎಂದು ನಾವೇ ಹೆಸರಿಟ್ಟರೆ ಕೈಪಿಡಿಯಲ್ಲೂ ಎಸ್‌ಡಿಕೆಯಲ್ಲೂ ಅದೇ ಬರುತ್ತದೆ. ಮಗುವಿಗೆ ಹೆಸರಿಡುವ ಕೆಲಸವನ್ನು ಆಸ್ಪತ್ರೆಯ ರಿಜಿಸ್ಟರ್ ನಂಬರಿಗೆ ಬಿಡುತ್ತೇವೆಯೇ? ಮೂರನೆಯದು ಟೆಂಪ್ಲೇಟ್. ಪುಟ ಹೇಗಿರಬೇಕು, ಮೊದಲು ಏನು ಬರಬೇಕು, ಉದಾಹರಣೆ ಎಲ್ಲಿರಬೇಕು ಎಂಬುದನ್ನು ನಿರ್ಧರಿಸುವ ಅಚ್ಚು ಅದು. ಬಹುತೇಕ ಟೂಲ್‌ಗಳು ಅಚ್ಚನ್ನು ಬದಲಾಯಿಸಲು ಬಿಡುತ್ತವೆ. ಕಂಪನಿಯ ಲೋಗೊ, ಬಣ್ಣ ಬದಲಾಯಿಸಿ ಅದನ್ನೇ ‘ಕಸ್ಟಮೈಸೇಷನ್’ ಎನ್ನುವವರಿದ್ದಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದರೆ ಇದೇ. ಅಚ್ಚು ಬದಲಾಗಬೇಕಾದದ್ದು ಓದುವವರ ಕ್ರಮಕ್ಕೆ ತಕ್ಕಂತೆ. ಮೊದಲು ‘ಹತ್ತು ನಿಮಿಷದಲ್ಲಿ ಶುರು ಮಾಡಿ’, ಆಮೇಲೆ ದಿನನಿತ್ಯ ಬೇಕಾಗುವ ನಾಲ್ಕಾರು ಕೆಲಸಗಳು, ಕೊನೆಗೆ ಪೂರ್ತಿ ಪಟ್ಟಿ.

ಉದಾಹರಣೆಗಳ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ರಸ್ಟ್ ಭಾಷೆಯಲ್ಲಿ ಕಾಮೆಂಟ್‌ನೊಳಗೆ ಬರೆದ ಉದಾಹರಣೆ ಕೋಡನ್ನು ಟೆಸ್ಟ್ ಹೊತ್ತಿನಲ್ಲಿ ನಿಜವಾಗಿ ಓಡಿಸಿ ನೋಡುತ್ತಾರೆ. ಪೈಥಾನ್‌ನಲ್ಲಿ ಇದಕ್ಕೆ ಡಾಕ್‌ಟೆಸ್ಟ್ ಇದೆ. ಗೋ ಭಾಷೆಯಲ್ಲಿ ಉದಾಹರಣೆಗಳನ್ನು ಟೆಸ್ಟ್ ಕಡತಗಳಲ್ಲಿಯೇ ಬರೆಯುತ್ತಾರೆ. ಕೋಡ್ ಬದಲಾಗಿ ಉದಾಹರಣೆ ಹಳತಾದರೆ ಟೆಸ್ಟ್ ಸೋಲುತ್ತದೆ, ತಂಡಕ್ಕೆ ತಕ್ಷಣ ಗೊತ್ತಾಗುತ್ತದೆ. ಕೈಪಿಡಿ ಸುಳ್ಳು ಹೇಳದಂತೆ ಕಾಯುವ ಕೆಲಸ ಯಂತ್ರದ್ದು, ಏನು ಹೇಳಬೇಕು ಎಂಬುದು ಮನುಷ್ಯನದ್ದು. ಕೆಲಸ ಹಂಚಿಕೊಳ್ಳುವುದೆಂದರೆ ಹೀಗೆ.

‘ಒಳ್ಳೆಯ ಕೋಡ್‌ಗೆ ವಿವರಣೆ ಬೇಡ’ ಎನ್ನುವವರಿದ್ದಾರೆ. ತಂಡದ ಒಳಗಿರುವವರಿಗೆ ಈ ಮಾತು ಸ್ವಲ್ಪ ಮಟ್ಟಿಗೆ ಸರಿ. ಆದರೆ ಎಸ್‌ಡಿಕೆ ಬಳಸುವವರು ಹೊರಗಿನವರು. ಸರ್ವರ್‌ನಲ್ಲಿ ಓಡುವ ಕೋಡ್ ಅವರಿಗೆ ಕಾಣುವುದೇ ಇಲ್ಲ. ‘ರಿಲೀಸ್ ತಲೆಯ ಮೇಲಿದೆ, ಇದಕ್ಕೆಲ್ಲಿ ಸಮಯ’ ಎಂಬುದು ಇನ್ನೊಂದು ಮಾತು. ಒತ್ತಡ ನಿಜ, ನಾನೂ ನೋಡಿದ್ದೇನೆ. ಆದರೆ ಬರೆಯದೆ ಉಳಿಸಿದ ಸಮಯ ಉಳಿಯುವುದಿಲ್ಲ. ಅದೇ ಪ್ರಶ್ನೆ ಸಪೋರ್ಟ್ ತಂಡಕ್ಕೆ ಮತ್ತೆ ಮತ್ತೆ ಬರುತ್ತದೆ, ಅಲ್ಲಿಂದ ತಿರುಗಿ ಕೋಡ್ ಬರೆದವರ ಮೇಜಿಗೇ ಬರುತ್ತದೆ. ಎಲ್ಲವನ್ನೂ ತಿದ್ದಬೇಕೆಂದೂ ಇಲ್ಲ. ಐನೂರು ಫಂಕ್ಷನ್‌ಗಳಿದ್ದರೆ ಹೆಚ್ಚಿನವರು ಬಳಸುವ ಇಪ್ಪತ್ತರಿಂದ ಶುರು ಮಾಡಲಿ. ಉಳಿದವಕ್ಕೆ ಸದ್ಯಕ್ಕೆ ಟೂಲ್ ಕೊಟ್ಟದ್ದೇ ಇರಲಿ.

ನನಗೆ ಇದು ಬರೀ ತಾಂತ್ರಿಕ ವಿಷಯವಾಗಿ ಕಾಣುವುದಿಲ್ಲ. ಕೆಟ್ಟ ಡಾಕ್ಸ್‌ನ ಬೆಲೆ ತೆರುವವರು ಯಾರು ನೋಡಿ. ದೊಡ್ಡ ಕಂಪನಿಯಲ್ಲಿ ಕೂತವನಿಗೆ ಪಕ್ಕದ ಸೀಟಿನಲ್ಲಿ ಸೀನಿಯರ್ ಇದ್ದಾರೆ, ಕೇಳಿದರೆ ಆಯಿತು. ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ಕಾಲೇಜು ಪ್ರಾಜೆಕ್ಟ್‌ಗೆ ಒಬ್ಬಳೇ ಕೂತು ಆ್ಯಪ್ ಕಟ್ಟುತ್ತಿರುವ ಹುಡುಗಿಗೆ ಯಾರಿದ್ದಾರೆ? ಅವಳ ಗುರು, ಸೀನಿಯರ್, ಟ್ಯೂಷನ್ ಎಲ್ಲವೂ ಆ ಕೈಪಿಡಿಯೇ. ಅದು ‘ಯೂಸರ್ ಅನ್ನು ಗೆಟ್ ಮಾಡುತ್ತದೆ’ ಎಂದು ಹೇಳಿ ಸುಮ್ಮನಾದರೆ, ತನಗೇ ಬುದ್ಧಿ ಸಾಲದು ಎಂದು ಅವಳು ಅಂದುಕೊಳ್ಳುತ್ತಾಳೆ. ಕನ್ನಡ ಮಾಧ್ಯಮದಿಂದ ಬಂದ ನನ್ನಂಥವರಿಗಂತೂ ಈ ಅನುಮಾನ ಬೇಗ ಬರುತ್ತದೆ. ನಮಗೆ ಇಂಗ್ಲಿಷ್ ಅರ್ಥವಾಗಲಿಲ್ಲವೋ, ಅಲ್ಲಿ ಅರ್ಥವೇ ಇರಲಿಲ್ಲವೋ ಎಂದು ತಿಳಿಯಲು ವರ್ಷಗಳು ಹಿಡಿಯುತ್ತವೆ.

ಇನ್ನು ಈಗಿನ ಎಐ. ‘ಕಾಮೆಂಟ್‌ಗಳನ್ನೂ ಅದೇ ಬರೆಯುತ್ತದಲ್ಲ’ ಎನ್ನಬಹುದು. ಬರೆಯುತ್ತದೆ, ಇಂಗ್ಲಿಷ್ ಕೂಡ ನುಣುಪಾಗಿರುತ್ತದೆ. ಆದರೆ ಅದರ ಕಣ್ಣಿಗೂ ಬೀಳುವುದು ಎದುರಿಗಿಟ್ಟ ಕೋಡ್ ಮಾತ್ರ. ಮೊತ್ತ ಪೈಸೆಯಲ್ಲಿದೆ ಎಂದು ಎಲ್ಲೂ ಬರೆದಿಲ್ಲದಿದ್ದರೆ ಅದು ಊಹಿಸುತ್ತದೆ, ಊಹೆಯನ್ನು ಧೈರ್ಯವಾಗಿ ಹೇಳುತ್ತದೆ. ಇನ್ನೊಂದು ಕಡೆ, ಕೋಡ್ ಬರೆದುಕೊಡುವ ಎಐಗಳಿಗೆ ಆಧಾರವೂ ಇವೇ ಕೈಪಿಡಿಗಳು. ಮೊದಲು ಒಬ್ಬ ಓದುಗನ ದಾರಿ ತಪ್ಪಿಸುತ್ತಿದ್ದ ಪುಟ ಇನ್ನು ಮುಂದೆ ಎಷ್ಟೋ ಜನರ ಆ್ಯಪ್‌ಗಳೊಳಗೆ ಸೇರಬಹುದು. ಎಐ ಬಂದಿದೆ ಎಂದು ಬರೆಯುವುದನ್ನು ಬಿಡುವ ಕಾಲವಲ್ಲ ಇದು, ಇನ್ನಷ್ಟು ಎಚ್ಚರದಿಂದ ಬರೆಯುವ ಕಾಲ.

ಭಾಷೆಯ ವಿಷಯದಲ್ಲೂ ಒಂದು ಅವಕಾಶವಿದೆ. ಸ್ಫಿಂಕ್ಸ್‌ನಂಥ ಟೂಲ್‌ಗಳು ಕೈಪಿಡಿಯ ವಾಕ್ಯಗಳನ್ನೆಲ್ಲ ಅನುವಾದಕ್ಕೆಂದು ಬೇರೆ ಕಡತಕ್ಕೆ ತೆಗೆದುಕೊಡುತ್ತವೆ. ಪೈಥಾನ್‌ನ ಅಧಿಕೃತ ಕೈಪಿಡಿ ಜಪಾನಿ, ಫ್ರೆಂಚ್, ಕೊರಿಯನ್ ಭಾಷೆಗಳಲ್ಲಿ ಸಿಗುವುದು ಇದೇ ದಾರಿಯಲ್ಲಿ. ಕನ್ನಡಕ್ಕೂ ಈ ದಾರಿ ತೆರೆದೇ ಇದೆ. ಸಾವಿರ ಪುಟ ಬೇಡ, ‘ಹತ್ತು ನಿಮಿಷದಲ್ಲಿ ಶುರು ಮಾಡಿ’ ಎಂಬ ಮೊದಲ ಪುಟವೊಂದು ಕನ್ನಡದಲ್ಲಿದ್ದರೂ ಹೊಸಬರ ಅರ್ಧ ಭಯ ಹೋಗುತ್ತದೆ.

ಕಂಪನಿಗಳಲ್ಲಿ ಡಾಕ್ಸ್ ಕೆಲಸವೆಂದರೆ ‘ಹೊಸಬನಿಗೆ ಕೊಡಿ, ಕೋಡ್ ಕೈಗೆ ಕೊಡುವ ಮುಂಚೆ ಅದನ್ನು ಮಾಡಲಿ’ ಎನ್ನುವ ಧೋರಣೆ ಇದೆ. ವರ್ಷದ ಕೊನೆಯ ಅಪ್ರೈಸಲ್‌ನಲ್ಲಿ ಅದು ಲೆಕ್ಕಕ್ಕೂ ಬರುವುದಿಲ್ಲ. ಇದು ಬದಲಾಗಬೇಕು. ಕಾಮೆಂಟ್ ಇಲ್ಲದ ಫಂಕ್ಷನ್ ರಿವ್ಯೂನಲ್ಲಿ ಪಾಸಾಗಬಾರದು, ಉದಾಹರಣೆ ಬರೆದವರ ಹೆಸರು ಕೋಡ್ ಬರೆದವರ ಹೆಸರಿನ ಪಕ್ಕದಲ್ಲೇ ಬರಬೇಕು. ಅಲ್ಲಿಯವರೆಗೆ ನಾವು ಕಾಯಬೇಕಿಲ್ಲ. ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ಮೊದಲ ಕಾಣಿಕೆ ಏನು ಕೊಡಲಿ ಎಂದು ಕೇಳುವ ಕಾಲೇಜು ಗೆಳೆಯರಿಗೆ ನನ್ನ ಸಲಹೆ ಇದು. ನಿಮ್ಮನ್ನು ಎರಡು ಗಂಟೆ ಸತಾಯಿಸಿದ ಫಂಕ್ಷನ್ ಒಂದನ್ನು ಆರಿಸಿಕೊಳ್ಳಿ. ಕೊನೆಗೆ ಹೇಗೆ ಬಗೆಹರಿಯಿತು ಎಂಬುದನ್ನು ಎರಡು ಸಾಲಿನಲ್ಲಿ, ಒಂದು ಉದಾಹರಣೆಯೊಂದಿಗೆ, ತಯಾರಾದ ಪುಟದಲ್ಲಲ್ಲ, ಮೂಲ ಕೋಡ್‌ನ ಕಾಮೆಂಟ್‌ನಲ್ಲಿ ಬರೆದು ಕಳಿಸಿ. ಅದನ್ನು ಎಲ್ಲರಿಗೂ ತಲುಪಿಸುವ ಕೆಲಸ ಟೂಲ್ ಮಾಡುತ್ತದೆ.