ನೆರೆಯವರ ಗ್ರಂಥಕ್ಕೂ ಅದೇ ತಕ್ಕಡಿ

ಕಳೆದ ಮಳೆಗಾಲದ ಒಂದು ಸಂಜೆ ಮಗ್‌ರಿಬ್ ನಮಾಝ್ ಮುಗಿಸಿ ಮದರಸದ ಜಗಲಿಯಲ್ಲಿ ಕುಳಿತಿದ್ದೆ. ನನ್ನಲ್ಲಿ ಓದಿ ಹೋದ ಹುಡುಗನೊಬ್ಬ ಬಂದ. ಈಗ ಅವನು ವಿರಾಜಪೇಟೆಯಲ್ಲಿ ಪಿಯುಸಿ ಕಲಿಯುತ್ತಿದ್ದಾನೆ. "ಉಸ್ತಾದ್, ಇವತ್ತು ಅವನ ಬಾಯಿ ಮುಚ್ಚಿಸಿಬಿಟ್ಟೆ" ಎಂದ. 'ಅವನು' ಎಂದರೆ ಒಂದನೇ ತರಗತಿಯಿಂದ ಜೊತೆಗೆ ಕಲಿತ, ಒಂದೇ ಬಸ್ಸಿನಲ್ಲಿ ಓಡಾಡುವ ಕ್ರೈಸ್ತ ಗೆಳೆಯ. ನಮ್ಮ ಹುಡುಗ ಮೊಬೈಲಿನಲ್ಲಿ ನೋಡಿದ ಯಾವುದೋ ವೀಡಿಯೊದಿಂದ ಬೈಬಲಿನ ಒಂದು ವಾಕ್ಯವನ್ನು ಹೆಕ್ಕಿ ಆ ಗೆಳೆಯನಿಗೆ ಕಳುಹಿಸಿದ್ದ. ಮತ್ತಾಯನ ಸುವಾರ್ತೆಯ ಹತ್ತನೆಯ ಅಧ್ಯಾಯದ 34ನೆಯ ವಾಕ್ಯ ಅದು. ತಾನು ಬಂದಿರುವುದು ಸಮಾಧಾನವನ್ನು ತರಲು ಅಲ್ಲ, ಖಡ್ಗವನ್ನು ತರಲು ಎಂದು ಯೇಸು ಹೇಳುವ ಮಾತು ಅಲ್ಲಿದೆ. "ಶಾಂತಿಯ ಧರ್ಮ ಎನ್ನುತ್ತೀರಲ್ಲ, ಇದೇನು?" ಎಂಬುದು ಇವನ ಪ್ರಶ್ನೆ.

ಆಮೇಲೆ ಅವನ ದನಿ ಸ್ವಲ್ಪ ತಗ್ಗಿತು. ಗೆಳೆಯನ ಮರು ಸಂದೇಶವನ್ನು ತೋರಿಸಿದ. ಅದರಲ್ಲಿದ್ದುದು ಪವಿತ್ರ ಕುರ್‌ಆನಿನ ಅತ್ತೌಬಃ ಅಧ್ಯಾಯದ ಐದನೆಯ ಸೂಕ್ತ. ಇಸ್ಲಾಮನ್ನು ದೂಷಿಸುವವರೆಲ್ಲ ಮೊದಲು ಎತ್ತಿಕೊಳ್ಳುವ ಸೂಕ್ತ ಅದು ಎಂಬುದು ತಮಗೆ ತಿಳಿದೇ ಇದೆ. "ಇದಕ್ಕೆ ಏನು ಹೇಳಲಿ ಉಸ್ತಾದ್?" ಎಂದು ಕೇಳಿದ. ಅಂದಿನಿಂದ ಆ ಇಬ್ಬರೂ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂರುತ್ತಿದ್ದರು.

ಅತ್ತೌಬಃದ ಆ ಸೂಕ್ತಕ್ಕೆ ಉತ್ತರ ಕೊಡುವುದು ನನಗೆ ಕಷ್ಟವಾಗಲಿಲ್ಲ. ಅದು ಹಿಜರಿ ಒಂಬತ್ತನೆಯ ವರ್ಷದ ಸಂದರ್ಭಕ್ಕೆ ಸೇರಿದ್ದು. ಒಪ್ಪಂದವನ್ನು ಮುರಿದ ಬಹುದೇವಾರಾಧಕರಿಗೆ ನಾಲ್ಕು ತಿಂಗಳ ಕಾಲಾವಕಾಶ ನೀಡಿದ ಬಳಿಕದ ಯುದ್ಧಾಜ್ಞೆ ಅದು. ಅದಕ್ಕೆ ಮುಂಚಿನ ನಾಲ್ಕನೆಯ ಸೂಕ್ತವು ಒಪ್ಪಂದವನ್ನು ಪಾಲಿಸಿದವರನ್ನು ಈ ಆಜ್ಞೆಯಿಂದ ಹೊರಗಿಡುತ್ತದೆ. ನಂತರದ ಆರನೆಯ ಸೂಕ್ತವು ಆ ಪಂಗಡದ ಯಾರೇ ಆದರೂ ಆಶ್ರಯ ಕೇಳಿ ಬಂದರೆ ಅವನಿಗೆ ಅಭಯವಿತ್ತು, ದೇವವಚನವನ್ನು ಕೇಳಲು ಬಿಟ್ಟು, ಬಳಿಕ ಅವನು ಸುರಕ್ಷಿತವಾಗಿರುವ ತಾಣಕ್ಕೆ ತಲುಪಿಸಬೇಕೆಂದು ವಿಧಿಸುತ್ತದೆ. ನಾಲ್ಕನ್ನೂ ಆರನ್ನೂ ಬಿಟ್ಟು ಐದನ್ನು ಮಾತ್ರ ಓದುವವನು ಕುರ್‌ಆನನ್ನು ಓದಿದಂತಾಗುವುದಿಲ್ಲ. ಇದನ್ನೆಲ್ಲ ಹುಡುಗ ತಲೆದೂಗುತ್ತ ಕೇಳಿದ.

"ಸರಿ, ನೀನು ಕಳುಹಿಸಿದ ವಾಕ್ಯದ ಹಿಂದೆ ಮುಂದೆ ಏನಿದೆ?" ಎಂದು ಕೇಳಿದೆ. ಅವನು ನೋಡಿರಲಿಲ್ಲ. ನಾಚಿಕೆಯಿಂದ ಒಪ್ಪಿಕೊಳ್ಳಬೇಕಾದ ಮಾತೆಂದರೆ, ಪದವಿಯಲ್ಲಿ ಕನ್ನಡ ಸಾಹಿತ್ಯವನ್ನು ಓದಿದ, ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿರುವ ನಾನೂ ನೋಡಿರಲಿಲ್ಲ. ಕನ್ನಡ ಬೈಬಲೊಂದನ್ನು ತರಿಸಿ ಆ ಅಧ್ಯಾಯವನ್ನು ಇಡಿಯಾಗಿ ಓದಿದೆ. ಯೇಸು ತನ್ನ ಹನ್ನೆರಡು ಶಿಷ್ಯರನ್ನು ಸಂದೇಶ ಸಾರಲು ಕಳುಹಿಸುತ್ತಾ, ಮುಂದೆ ಒದಗಲಿರುವ ಕಷ್ಟಗಳ ಕುರಿತು ಎಚ್ಚರಿಸುವ ಪ್ರಸಂಗ ಅದು. ಈ ಸಂದೇಶವನ್ನು ಒಪ್ಪಿದ್ದಕ್ಕಾಗಿ ಮನೆಯವರೇ ವಿರೋಧಿಗಳಾಗುವರು ಎಂಬುದು ಅಲ್ಲಿನ ತಾತ್ಪರ್ಯ. ಲೂಕನು ಇದೇ ಮಾತನ್ನು ತನ್ನ ಹನ್ನೆರಡನೆಯ ಅಧ್ಯಾಯದಲ್ಲಿ ವರದಿ ಮಾಡುವಾಗ ಖಡ್ಗವೆಂಬ ಶಬ್ದವೇ ಇಲ್ಲ, ಭೇದ ಎಂಬ ಅರ್ಥದ ಶಬ್ದವಿದೆ. ಅದೇ ಮತ್ತಾಯನ 26ನೆಯ ಅಧ್ಯಾಯದಲ್ಲಿ ಶಿಷ್ಯನೊಬ್ಬ ನಿಜವಾದ ಕತ್ತಿಯನ್ನು ಹಿರಿದಾಗ ಅದನ್ನು ಒರೆಗೆ ಸೇರಿಸುವಂತೆ ಯೇಸು ಆಜ್ಞಾಪಿಸುತ್ತಾರೆ. ಮನೆಯೊಳಗೇ ಬಿರುಕು ಬೀಳುವ ಈ ಸಂಕಟ ನಮಗೆ ಅಪರಿಚಿತವೇನಲ್ಲ. ಮಕ್ಕಾದಲ್ಲಿ ಇಸ್ಲಾಮ್ ಸ್ವೀಕರಿಸಿದ ಎಷ್ಟೋ ಸಹಾಬಿಗಳು ತಂದೆ ತಾಯಿಯರ, ಒಡಹುಟ್ಟಿದವರ ಹಗೆಯನ್ನು ಎದುರಿಸಬೇಕಾಯಿತು.

ಹೀಗೆ, ತನ್ನ ಗ್ರಂಥವನ್ನು ಸಂದರ್ಭವಿಟ್ಟು ಓದಬೇಕೆಂದು ಬಯಸಿದ ಹುಡುಗ, ಗೆಳೆಯನ ಗ್ರಂಥದಿಂದ ಒಂದೇ ವಾಕ್ಯವನ್ನು ಕಿತ್ತು ತಂದಿದ್ದ. ಗೆಳೆಯನೂ ಅದನ್ನೇ ಮಾಡಿದ್ದ. ಕೊಡಗಿನವರಾದ ನಮಗೆ ತೂಕದ ಬೆಲೆ ಗೊತ್ತು. ವರ್ಷವಿಡೀ ಬೆವರು ಸುರಿಸಿ ಬೆಳೆದ ಕಾಫಿಯನ್ನೋ ಕರಿಮೆಣಸನ್ನೋ ಮಾರಲು ಒಯ್ದಾಗ ತಕ್ಕಡಿ ಒಂದಿಷ್ಟು ಅತ್ತಿತ್ತ ಆದರೂ ಎದೆ ಉರಿಯುತ್ತದೆ. ಪವಿತ್ರ ಕುರ್‌ಆನಿನ 83ನೆಯ ಅಧ್ಯಾಯ ಅಲ್‌ಮುತಫ್ಫಿಫೀನ್ ಆರಂಭವಾಗುವುದೇ ಇಂಥ ವಂಚಕರಿಗೆ ವಿನಾಶವನ್ನು ಸಾರುವ ಮೂಲಕ. ಜನರಿಂದ ಪಡೆಯುವಾಗ ಪೂರ್ತಿ ಅಳೆದು ಪಡೆದು, ಜನರಿಗೆ ಕೊಡುವಾಗ ಕಡಿಮೆ ಕೊಡುವವರು ಅವರು. ಈ ಎಚ್ಚರಿಕೆಯನ್ನು ಸಂತೆಯ ವ್ಯಾಪಾರಕ್ಕೆ ಮಾತ್ರ ಸೀಮಿತಗೊಳಿಸಬೇಕೇ? ನಮ್ಮ ಗ್ರಂಥಕ್ಕೆ ಸಂದರ್ಭ, ಭಾಷೆ, ವ್ಯಾಖ್ಯಾನಗಳ ಪೂರ್ಣ ತೂಕವನ್ನು ಕೇಳಿ ಪಡೆಯುವ ನಾವು, ನೆರೆಯವರ ಗ್ರಂಥವನ್ನು ತೂಗುವಾಗ ಬೇರೊಂದು ತಕ್ಕಡಿ ಹಿಡಿಯುವುದು ನ್ಯಾಯವೇ?

ಒಂದು ಭಾನುವಾರ ಮಧ್ಯಾಹ್ನ ಹುಡುಗನನ್ನು ಕರೆದುಕೊಂಡು ಆ ಗೆಳೆಯನ ಮನೆಗೆ ಹೋದೆ. ಹುಡುಗರಿಬ್ಬರೂ ಮುಖ ತಿರುಗಿಸಿ ಕುಳಿತರು. ಮಾತಿಗೆ ಸಿಕ್ಕವರು ಗೆಳೆಯನ ಅಜ್ಜ. ಕಾಫಿ ತೋಟವೊಂದರಲ್ಲಿ ಬಹುಕಾಲ ರೈಟರ್ ಆಗಿದ್ದು ನಿವೃತ್ತರಾದವರು. ಬಂದ ಕಾರಣವನ್ನು ಹೇಳಿ, "ರೈಟರೇ, ನಿಮ್ಮ ಮನೆಯಲ್ಲಿ ಬೈಬಲನ್ನು ಓದುವ ಕ್ರಮ ಹೇಗೆ?" ಎಂದು ಕೇಳಿದೆ.

ಅವರು ವಿವರವಾಗಿ ಹೇಳಿದರು. ಭಾನುವಾರದ ಬಲಿಪೂಜೆಯಲ್ಲಿ ಮೂರು ವಾಚನಗಳಿರುತ್ತವೆ. ಸಾಮಾನ್ಯವಾಗಿ ಮೊದಲನೆಯದು ಹಳೆಯ ಒಡಂಬಡಿಕೆಯಿಂದ, ಎರಡನೆಯದು ಪ್ರೇಷಿತರ ಪತ್ರಗಳಿಂದ, ಮೂರನೆಯದು ಶುಭಸಂದೇಶದಿಂದ. ನಡುವೆ ಒಂದು ಕೀರ್ತನೆ. ಯಾವ ಭಾನುವಾರಕ್ಕೆ ಯಾವ ಭಾಗ ಎಂಬುದು ಮೂರು ವರ್ಷಗಳ ಆವರ್ತದಲ್ಲಿ ಮೊದಲೇ ನಿಗದಿಯಾಗಿರುತ್ತದೆ. ಓದಿದ ಬಳಿಕ ಫಾದರ್ ಅದನ್ನು ವಿವರಿಸುತ್ತಾರೆ. ಹಿಂದೆ ಪೂಜೆಯೆಲ್ಲ ಲ್ಯಾಟಿನ್ ಭಾಷೆಯಲ್ಲಿತ್ತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಜನರ ಭಾಷೆಗಳಿಗೆ ದಾರಿಯಾಯಿತು. ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಎಲ್ಲರೂ ಕೂತು ಜಪಸರದ ಪ್ರಾರ್ಥನೆ ಮಾಡುತ್ತಾರೆ. ಕೊನೆಗೆ ಅಜ್ಜಿ ಬೈಬಲಿನ ಒಂದು ಭಾಗವನ್ನು ಓದುತ್ತಾರೆ. "ನಾವು ಓದುವುದು ಜಗಳಕ್ಕೆ ಅಲ್ಲ ಉಸ್ತಾದರೇ, ನಾಳೆ ಬೆಳಿಗ್ಗೆ ಎದ್ದು ಹೇಗೆ ನಡೆದುಕೊಳ್ಳಬೇಕು ಅಂತ ತಿಳಿಯಲಿಕ್ಕೆ" ಎಂದರು.

ಎಲ್ಲ ಕ್ರೈಸ್ತರ ಕ್ರಮವೂ ಒಂದೇ ಅಲ್ಲ ಎಂಬುದನ್ನು ನಾವು ಅರಿತಿರಬೇಕು. ಕೆಥೋಲಿಕರ ಬೈಬಲಿನಲ್ಲಿ 73 ಪುಸ್ತಕಗಳಿದ್ದರೆ ಪ್ರೊಟೆಸ್ಟಂಟರ ಬೈಬಲಿನಲ್ಲಿ 66. ಕೆಥೋಲಿಕರು ವ್ಯಾಖ್ಯಾನದಲ್ಲಿ ಧರ್ಮಸಭೆಯ ಪರಂಪರೆಗೆ ಅಧಿಕಾರವಿದೆಯೆಂದು ನಂಬಿದರೆ, ಪ್ರೊಟೆಸ್ಟಂಟರು ಗ್ರಂಥವೇ ಅಂತಿಮ ಪ್ರಮಾಣವೆನ್ನುತ್ತಾರೆ. ಇನ್ನೂ ಮುಖ್ಯವಾದ ಮಾತೊಂದಿದೆ. ಕುರ್‌ಆನ್ ಅಕ್ಷರಶಃ ಅಲ್ಲಾಹನ ವಚನ ಎಂಬುದು ನಮ್ಮ ವಿಶ್ವಾಸ. ಬೈಬಲಿನ ಬಗ್ಗೆ ಹೆಚ್ಚಿನ ಕ್ರೈಸ್ತರ ನಂಬಿಕೆ ಇದೇ ಬಗೆಯದಲ್ಲ. ದೇವಪ್ರೇರಣೆಯಿಂದ ಮನುಷ್ಯರು ತಮ್ಮ ತಮ್ಮ ಶೈಲಿಯಲ್ಲಿ ಬರೆದರು ಎಂದು ಅವರು ಹೇಳುತ್ತಾರೆ. ನಾಲ್ಕು ಸುವಾರ್ತೆಗಳು ಯೇಸುವಿನ ಬದುಕಿನ ನಾಲ್ಕು ವರದಿಗಳು. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ಓದುವುದು ಅವರಲ್ಲಿ ರೂಢಿ. ಈಸಾ(ಅ)ರಿಗೆ ಅವತೀರ್ಣವಾದ ಇಂಜೀಲ್ ಎಂದು ನಾವು ನಂಬುವುದು ಮತ್ತು ಇಂದು ಅವರ ಕೈಯಲ್ಲಿರುವ ಸುವಾರ್ತೆಗಳು ಒಂದೇ ಅಲ್ಲ ಎಂಬ ನಮ್ಮ ನಿಲುವನ್ನು ಇದಕ್ಕಾಗಿ ಬಿಡಬೇಕಾಗಿಲ್ಲ. ಆದರೆ ಅವರು ಹೇಳದೇ ಇರುವುದನ್ನು ಅವರ ಮೇಲೆ ಹೊರಿಸಿ ಖಂಡಿಸುವುದರಲ್ಲಿ ಯಾವ ಪಾಂಡಿತ್ಯವೂ ಇಲ್ಲ.

ಪ್ರಾರ್ಥನೆಯ ವಿಷಯವೂ ಹಾಗೆಯೇ. ದಿನಕ್ಕೆ ಮೂರು ಹೊತ್ತು ಚರ್ಚಿನ ಗಂಟೆ ಬಾರಿಸಿ ಪ್ರಾರ್ಥನೆಗೆ ನೆನಪಿಸುವ ಪದ್ಧತಿ ಅವರಲ್ಲಿದೆ. ಈಸ್ಟರಿಗೆ ಮುಂಚೆ ನಲವತ್ತು ದಿನಗಳ ತಪಸ್ಸು ಕಾಲವಿದೆ. ಅವರು 'ಪರಲೋಕ ಮಂತ್ರ' ಎಂದು ಕರೆಯುವ, ಯೇಸು ಕಲಿಸಿದ ಪ್ರಾರ್ಥನೆ ಚಿಕ್ಕದು. ದೇವನಾಮದ ಪಾವಿತ್ರ್ಯ, ಅಂದಂದಿನ ಅನ್ನ, ತಪ್ಪುಗಳಿಗೆ ಕ್ಷಮೆ, ಕೇಡಿನಿಂದ ರಕ್ಷಣೆ, ಇಂಥವು ಅದರ ಬೇಡಿಕೆಗಳು. ನಮ್ಮ ಅಲ್‌ಫಾತಿಹಾದಂತೆಯೇ ಅದರಲ್ಲಿ ಬೇಡುವವನು 'ನಾನು' ಅಲ್ಲ, 'ನಾವು'. ಭೇದವೂ ಸ್ಪಷ್ಟವಿದೆ. ಅವರು ದೇವನನ್ನು ತಂದೆಯೆಂದು ಸಂಬೋಧಿಸುತ್ತಾರೆ. ನಾವು ಹಾಗೆ ಕರೆಯುವುದಿಲ್ಲ. ಅವರು ಮರಿಯಳ ಮಧ್ಯಸ್ಥಿಕೆಯನ್ನು ಬೇಡುತ್ತಾರೆ. ನಾವು ಮರ್ಯಮ್(ಅ)ರನ್ನು ಗೌರವಿಸುತ್ತೇವೆ, ಅವರ ಹೆಸರಿನ ಅಧ್ಯಾಯವನ್ನೇ ಓದುತ್ತೇವೆ, ಆದರೆ ಆರಾಧನೆ ಅಲ್ಲಾಹನೊಬ್ಬನಿಗೇ. ತ್ರಿಯೇಕತ್ವವನ್ನು ನಾವು ಒಪ್ಪುವುದಿಲ್ಲ, ತೌಹೀದಿನಲ್ಲಿ ಎಳ್ಳಷ್ಟೂ ರಾಜಿ ಇಲ್ಲ. ಭಿನ್ನಾಭಿಪ್ರಾಯವನ್ನು ಸರಿಯಾಗಿ ತಿಳಿದು ಹೇಳುವವನಿಗೆ ದನಿ ಏರಿಸುವ ಅಗತ್ಯ ಬೀಳುವುದಿಲ್ಲ.

ಮಾತಿನ ನಡುವೆ ರೈಟರ್ ಒಂದು ಹಳೆಯ ಕಥೆಯನ್ನು ತೆಗೆದರು. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದದ್ದು, ಟಿಪ್ಪುವಿನ ಸೀಮೆಯಿಂದ ತಪ್ಪಿಸಿಕೊಂಡು ಬಂದವರಿಗೆ ದೊಡ್ಡ ವೀರರಾಜೇಂದ್ರ ಅರಸರು 1792ರಲ್ಲಿ ವಿರಾಜಪೇಟೆಯಲ್ಲಿ ನೆಲೆ ಕೊಟ್ಟದ್ದು, ಅಲ್ಲಿ ಸಂತ ಅನ್ನಮ್ಮನವರ ಚರ್ಚ್ ಎದ್ದದ್ದು. ಅವರ ಅಜ್ಜಿ ಹೇಳುತ್ತಿದ್ದ ಕಥೆಯಂತೆ ಅದು. ನನ್ನ ನಾಲಿಗೆಯ ತುದಿಯಲ್ಲಿ ಹತ್ತು ಸಮರ್ಥನೆಗಳಿದ್ದವು. ಆದರೂ ಸುಮ್ಮನೆ ಕೇಳಿದೆ. ನೆರೆಮನೆಯವರ ನೆನಪೂ ಒಂದು ಗ್ರಂಥವೇ, ಅದನ್ನೂ ಪೂರ್ತಿ ಕೇಳಿಸಿಕೊಳ್ಳದೆ ಉತ್ತರಿಸಬಾರದು ಎಂದು ಅಂದು ನನಗೆ ಅನ್ನಿಸಿತು. ಕಥೆ ಮುಗಿಸಿ ಅವರೇ ಮೆಲ್ಲನೆ ಕೇಳಿದರು: "ಉಸ್ತಾದರೇ, ಮೊಮ್ಮಗ ತೋರಿಸಿದ ಆ ಕುರ್‌ಆನಿನ ಮಾತು ನನ್ನ ಮೊಬೈಲಿಗೂ ಬಂದಿತ್ತು. ಯಾರನ್ನು ಕೇಳುವುದು ಅಂತ ತಿಳಿಯಲಿಲ್ಲ. ಅದರ ಅರ್ಥ ಏನು?" ನಾಲ್ಕರಿಂದ ಆರರವರೆಗಿನ ಸೂಕ್ತಗಳ ಅರ್ಥವನ್ನು ವಿವರಿಸಿದೆ. ನಾನು ಸುಮ್ಮನೆ ಕೇಳಿದ್ದಕ್ಕೇ ಅವರಿಗೆ ಈ ಪ್ರಶ್ನೆಯನ್ನು ಕೇಳುವ ಧೈರ್ಯ ಬಂತೆಂದು ನನ್ನ ನಂಬಿಕೆ.

ಕೆಲವು ಹಿರಿಯರು ಆಕ್ಷೇಪಿಸಬಹುದು: ಅವರ ಗ್ರಂಥದ ಗೊಡವೆ ನಮಗೇಕೆ? ಉಮರ್(ರ) ತೌರಾತಿನ ಹಾಳೆಯೊಂದನ್ನು ತಂದಾಗ ಪ್ರವಾದಿ(ಸ) ಅಸಮಾಧಾನಗೊಂಡ ವರದಿ ಇಲ್ಲವೇ? ಇದೆ. ಮಾರ್ಗದರ್ಶನಕ್ಕಾಗಿ ನಾವು ಬೇರೆಡೆ ಹೋಗಬೇಕಾಗಿಲ್ಲ ಎಂಬುದು ಅದರ ಪಾಠವೆಂದು ನಾನು ತಿಳಿದಿದ್ದೇನೆ. ಆದ್ದರಿಂದಲೇ ವಿಶ್ವಾಸದ ಬುನಾದಿ ಗಟ್ಟಿಯಾಗದ ಮಕ್ಕಳ ಕೈಗೆ ಬೈಬಲನ್ನು ಕೊಡಿ ಎಂದು ನಾನು ಹೇಳುತ್ತಿಲ್ಲ. ಓದದವನು ಸುಮ್ಮನಿರಲಿ ಎಂದಷ್ಟೇ ನನ್ನ ವಿನಂತಿ. ವೇದದವರ ಮಾತುಗಳನ್ನು ನಿಜವೆಂದೂ ಸುಳ್ಳೆಂದೂ ಸಾರದೆ, ನಮಗೆ ಅವತೀರ್ಣವಾದುದರಲ್ಲಿ ನಾವು ವಿಶ್ವಾಸವಿಟ್ಟಿದ್ದೇವೆ ಎನ್ನಬೇಕೆಂದು ಪ್ರವಾದಿ(ಸ) ಕಲಿಸಿದ್ದು ಸಹೀಹ್ ಬುಖಾರಿಯಲ್ಲಿದೆ. ವಾದಿಸಲೇಬೇಕಾದರೆ ಅತ್ಯುತ್ತಮ ರೀತಿಯಲ್ಲಿಯೇ ಎಂಬ ಷರತ್ತು ಪವಿತ್ರ ಕುರ್‌ಆನಿನ 29:46ರಲ್ಲಿದೆ. ಅನ್ಯರು ಆರಾಧಿಸುವುದನ್ನು ನಿಂದಿಸಬೇಡಿ, ಅವರು ಅರಿವಿಲ್ಲದೆ ಅಲ್ಲಾಹನನ್ನು ನಿಂದಿಸಿಯಾರು ಎಂಬ ಎಚ್ಚರಿಕೆ 6:108ರಲ್ಲಿದೆ. ನಮ್ಮ ಹುಡುಗನ ಮೊಬೈಲಿನಲ್ಲಿ ನಡೆದದ್ದು ಅಕ್ಷರಶಃ ಅದೇ ಅಲ್ಲವೇ? ಮೊದಲ ಕಲ್ಲು ಇವನದು, ಅದು ತಿರುಗಿ ಬಂದು ಬಿದ್ದದ್ದು ಕುರ್‌ಆನಿನ ಮೇಲೆ.

ಅವರ ಕಡೆಯ ಪ್ರಚಾರಕರೂ ನಮ್ಮನ್ನು ಹೀಗೆಯೇ ಹೀಯಾಳಿಸುತ್ತಾರೆ ಎಂದು ಯುವಕರು ಹೇಳುವುದುಂಟು. ಹೌದು, ಹೀಯಾಳಿಸುವವರಿದ್ದಾರೆ. ಆದರೆ ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ವಿಮುಖಗೊಳಿಸದಿರಲಿ ಎಂಬ 5:8ರ ಆದೇಶಕ್ಕೆ, ಎದುರಿನವರು ನ್ಯಾಯವಂತರಾಗಿದ್ದರೆ ಮಾತ್ರ ಎಂಬ ಷರತ್ತು ಇಲ್ಲ.

ಅರ್ಥೈಸುವ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕೆಂಬುದಕ್ಕೆ ಕನ್ನಡದಲ್ಲೇ ಸಾಕ್ಷಿಯಿದೆ. ಕಿಟೆಲ್ ಅವರು ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ಹೇಳಲು 1862ರಲ್ಲಿ 'ಕಥಾಮಾಲೆ'ಯನ್ನು ರಚಿಸಿದರು. ಕನ್ನಡ ಶಬ್ದಗಳ ಬೆನ್ನು ಹತ್ತಿದ ಅವರ ದುಡಿಮೆಯ ಫಲವಾಗಿ 1894ರಲ್ಲಿ ನಿಘಂಟು ಹೊರಬಂತು. ಮತಪ್ರಚಾರದ ಅವರ ಉದ್ದೇಶವನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಒಂದು ಶಬ್ದದ ಅರ್ಥಕ್ಕಾಗಿ ವರ್ಷಗಟ್ಟಲೆ ದುಡಿಯುವ ಶ್ರದ್ಧೆಯ ಮುಂದೆ, ಅರ್ಧ ನಿಮಿಷದ ವೀಡಿಯೊ ನೋಡಿ ತೀರ್ಪು ಕೊಡುವ ನಮ್ಮ ಅವಸರ ಎಷ್ಟು ಅಗ್ಗದ್ದು! ಇಂದು ಕುರ್‌ಆನ್ ಮತ್ತು ಬೈಬಲ್ ಎರಡೂ ಕನ್ನಡದಲ್ಲಿ ಲಭ್ಯವಿವೆ. ಒಂದು ಪುಟ ಹಿಂದೆ, ಒಂದು ಪುಟ ಮುಂದೆ ತಿರುವುವುದು ಕಷ್ಟದ ಕೆಲಸವಲ್ಲ.

ನಮ್ಮ ಮನೆಗಳಲ್ಲಿ, ಮದರಸಗಳಲ್ಲಿ ಮಕ್ಕಳಿಗೆ ಮೂರು ಮಾತುಗಳನ್ನು ಕಲಿಸೋಣ. ಇಡೀ ಅಧ್ಯಾಯವನ್ನು ಓದದೆ ಯಾವ ಗ್ರಂಥದ ಯಾವ ವಾಕ್ಯವನ್ನೂ ಇನ್ನೊಬ್ಬರ ಮೇಲೆ ಎಸೆಯಬಾರದು. ಸಂಶಯ ಬಂದರೆ ಆ ಗ್ರಂಥವನ್ನು ನಂಬಿ ಬದುಕುವವರನ್ನು ಕಲಿಯುವ ಮನಸ್ಸಿನಿಂದ ಕೇಳಬೇಕು. ಮತ್ತು ಎಲ್ಲಕ್ಕಿಂತ ಮೊದಲು ನಮ್ಮ ಗ್ರಂಥದ ಅರ್ಥವನ್ನು ತಿಳಿಯಬೇಕು. ಏಕೆಂದರೆ ಅಂದು ನಮ್ಮ ಹುಡುಗನಿಗೆ ಮತ್ತಾಯನ ವಾಕ್ಯದ ಸಂಖ್ಯೆ ಬಾಯಿಗೆ ಬರುತ್ತಿತ್ತು, ಅತ್ತೌಬಃದ ಆರನೆಯ ಸೂಕ್ತ ಗೊತ್ತಿರಲಿಲ್ಲ.

2018ರ ಆಗಸ್ಟಿನಲ್ಲಿ ನಮ್ಮ ಬೆಟ್ಟಗಳು ಕುಸಿದಾಗ ಮದರಸ, ಚರ್ಚು, ಮಂದಿರ ಎನ್ನದೆ ಬಾಗಿಲುಗಳು ತೆರೆದವು. ಆ ವಾರದಲ್ಲೇ, 22ರಂದು, ಬಕ್ರೀದ್ ಬಂತು. ಮನೆ ಕಳೆದುಕೊಂಡವರ ನಡುವೆ ನಿಂತು ಈದ್ ನಮಾಝ್ ಮಾಡಿದವರಿಗೆ ಅದು ಇನ್ನೂ ನೆನಪಿದೆ. ಗುಡ್ಡ ಮತ್ತೆ ಯಾವಾಗ ಜಾರುವುದೋ ಅಲ್ಲಾಹನೇ ಬಲ್ಲ. ಅಂದು ಬಾಗಿಲು ತಟ್ಟಬೇಕಾದ ಮನೆಗಳೊಡನೆ ಇಂದು ಮಾತು ಬಿಟ್ಟುಕೊಳ್ಳುವುದು ಜಾಣತನವಲ್ಲ.

ರೈಟರ ಮನೆಯಿಂದ ಹೊರಡುವಾಗ ಹುಡುಗರಿಬ್ಬರೂ ಅಂಗಳದಲ್ಲಿದ್ದರು. ಕ್ಷಮೆ ಕೇಳಿಕೊಂಡರೋ ಇಲ್ಲವೋ ನಾನು ವಿಚಾರಿಸಲಿಲ್ಲ. ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕುಳಿತಿದ್ದರಂತೆ.

ಅಳತೆಯಲ್ಲೂ ತೂಕದಲ್ಲೂ ನಾಲಿಗೆಯಲ್ಲೂ ನ್ಯಾಯವಂತರಾಗಿರಲು ಅಲ್ಲಾಹನು ನಮ್ಮೆಲ್ಲರಿಗೂ ತೌಫೀಕ್ ನೀಡಿ ಅನುಗ್ರಹಿಸಲಿ. ಆಮೀನ್.