ಆಟಿಸಂ: ತರಬೇತಿ ಮೊದಲು, ಪ್ರಮಾಣಪತ್ರ ಆಮೇಲೆ

ಎರಡು ವರ್ಷ ತುಂಬಿದ ಮಗು ಹೆಸರು ಹಿಡಿದು ಕೂಗಿದರೂ ತಿರುಗುವುದಿಲ್ಲ. ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ. ಆಟದ ಕಾರನ್ನು ಮಗುಚಿ ಹಾಕಿ ಅದರ ಚಕ್ರ ತಿರುಗಿಸುತ್ತಲೇ ಕೂರುತ್ತದೆ. ತಾಯಿಗೆ ಅನುಮಾನ ಶುರುವಾಗುತ್ತದೆ. ಸುತ್ತಲಿನವರ ಬಳಿ ಸಮಾಧಾನ ಸಿದ್ಧವಿರುತ್ತದೆ: 'ಗಂಡು ಮಕ್ಕಳಿಗೆ ಮಾತು ತಡ', 'ಅವರಪ್ಪನೂ ಹಾಗೇ ಇದ್ದ', 'ಮೊಬೈಲ್ ಬಿಡಿಸಿ, ಸರಿಹೋಗುತ್ತೆ'. ಕೆಲವೊಮ್ಮೆ ವೈದ್ಯರೇ 'ಮೂರು ವರ್ಷ ತುಂಬಲಿ, ನೋಡೋಣ' ಎಂದು ಕಳಿಸಿಬಿಡುತ್ತಾರೆ. ತರಬೇತಿ ಹೆಚ್ಚು ಫಲ ಕೊಡುವ ವಯಸ್ಸು ಹೀಗೆ ಕೈತಪ್ಪಿ ಹೋಗುತ್ತದೆ.

ಆಟಿಸಂ ಇದೆಯೆಂದು ಹೇಳುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಕೂಡ ಇಲ್ಲ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ನಮ್ಮಲ್ಲಿ ಬಳಸುವ ಐಎಸ್‌ಎಎ ಮಾಪನದಲ್ಲಿ 40 ಅಂಶಗಳಿವೆ. ಕಣ್ಣಿಟ್ಟು ನೋಡುತ್ತದೆಯೇ, ನಕ್ಕರೆ ನಗುತ್ತದೆಯೇ, ಕೇಳಿದ ಪ್ರಶ್ನೆಯನ್ನೇ ತಿರುಗಿ ಒಪ್ಪಿಸುತ್ತದೆಯೇ ಎಂದು ತಜ್ಞರು ಮಗುವಿನ ಜೊತೆ ಕೂತು ನೋಡಬೇಕು, ತಾಯಿಯನ್ನು ವಿಚಾರಿಸಬೇಕು, ಪ್ರತಿ ಅಂಶಕ್ಕೂ 1ರಿಂದ 5ರವರೆಗೆ ಅಂಕ ಹಾಕಬೇಕು. ಮೊತ್ತ 70 ಮುಟ್ಟಿದರೆ ಆಟಿಸಂ. ಕೋಟಿ ಬೆಲೆಯ ಯಂತ್ರ ಇದಕ್ಕೆ ಬೇಡ. ಕಲಿತವರು ಬೇಕು, ಅವರಿಗೆ ಪುರುಸೊತ್ತು ಬೇಕು. ದುಡ್ಡಿಲ್ಲ ಎಂಬ ನೆಪ ಇಲ್ಲಿ ನಡೆಯುವುದಿಲ್ಲ.

ಕಾನೂನಿಗೂ ಕೊರತೆಯಿಲ್ಲ. 1995ರ ಅಂಗವಿಕಲರ ಕಾಯ್ದೆ ಹೆಸರಿಸದೇ ಬಿಟ್ಟಿದ್ದ ಆಟಿಸಂಗೆ 2016ರ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಆದರೆ ಅದರ ಮುಖ್ಯ ಸವಲತ್ತುಗಳ ಬಾಗಿಲು ತೆರೆಯುವುದು ಶೇ 40 ಎಂದು ಬರೆದ ಪ್ರಮಾಣಪತ್ರಕ್ಕೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಕೊಡುತ್ತದೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಅದಕ್ಕೂ ಪ್ರಮಾಣಪತ್ರ ಬೇಕು. ಮೊದಲು ಕೈಯಿಂದ ಕಟ್ಟಿ, ಆಮೇಲೆ ಬಿಲ್ಲು ಕಳಿಸಿ ಕಾಯಬೇಕು. ಆದಾಯ ತೆರಿಗೆಯಲ್ಲಿ 75,000 ರೂಪಾಯಿ, ತೀವ್ರ ವೈಕಲ್ಯವಾದರೆ 1.25 ಲಕ್ಷ ರೂಪಾಯಿ ಕಡಿತ ಸಿಗುವುದು ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಮಾತ್ರ. ವಾರಕ್ಕೆ ಮೂರು ಸಲ ಮಗುವನ್ನು ಥೆರಪಿಗೆ ಕರೆದೊಯ್ಯಲು ಕೆಲಸ ಬಿಟ್ಟ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ, ದಿನಗೂಲಿಯ ತಂದೆಗೆ ಇದರಿಂದ ಬಿಡಿಗಾಸೂ ಬಾರದು. ಸರ್ಕಾರ ಖಾಲಿ ಬಿಟ್ಟ ಈ ಜಾಗದಲ್ಲಿ, ಸ್ಟೆಮ್ ಸೆಲ್ ಹೆಸರು ಹೇಳಿ 'ಗುಣಪಡಿಸುವ' ಅಂಗಡಿಗಳು ಬಂದು ಕೂತಿವೆ.

ಹೊಸ ಯೋಜನೆಯನ್ನು ಯಾರೂ ಕೇಳುತ್ತಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದಲೇ ಇದೆ. ಅದರ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿ ಮಕ್ಕಳನ್ನು ನೋಡಬೇಕು. ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಆಟಿಸಂ ಇದೆ. ಅನುಮಾನ ಬಂದ ಮಗುವನ್ನು ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಮತ್ತು ಆರೈಕೆ ಕೇಂದ್ರಕ್ಕೆ ಕಳಿಸಬೇಕು. ಅಲ್ಲಿ ಮಕ್ಕಳ ವೈದ್ಯರು, ಮನಶ್ಶಾಸ್ತ್ರಜ್ಞರು, ವಾಕ್ ತಜ್ಞರು ಇರಬೇಕೆಂದು ನಿಯಮವೇ ಹೇಳುತ್ತದೆ. ಹಲ್ಲು ಎಣಿಸಿ, ತೂಕ ಬರೆದುಕೊಂಡು ತಂಡ ಮುಂದಿನ ಊರಿಗೆ ಹೊರಟರೆ, ಕೇಂದ್ರದಲ್ಲಿ ವಾಕ್ ತಜ್ಞರ ಕುರ್ಚಿ ಖಾಲಿ ಬಿದ್ದರೆ, ಬೀದರ್‌ನ ಮಗುವೂ ಬೆಂಗಳೂರಿನ ನಿಮ್ಹಾನ್ಸ್‌ಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಬರಬೇಕಾಗುತ್ತದೆ. ಕಳೆದ ಕೂಲಿ, ಊರು ಬಿಟ್ಟು ಹಿಡಿದ ಬಾಡಿಗೆ ಕೋಣೆ ಯಾವ ವಿಮೆಯಲ್ಲೂ ಬರುವುದಿಲ್ಲ.

ಸರ್ಕಾರ ಮಾಡಬೇಕಾದ್ದು ಮೂರೇ ಕೆಲಸ. ಪ್ರತಿ ಜಿಲ್ಲೆಯ ಕೇಂದ್ರಕ್ಕೂ ಕಾಯಂ ಸಿಬ್ಬಂದಿ ತುಂಬಲಿ. ಪ್ರಮಾಣಪತ್ರ ಕೊಡುವ ವೈದ್ಯಕೀಯ ಮಂಡಳಿ ತಿಂಗಳಿಗೊಮ್ಮೆ ತಾಲ್ಲೂಕಿಗೆ ಬಂದು ಕೂರಲಿ. ಐದು ವರ್ಷದೊಳಗಿನ ಮಗುವಿಗೆ ವೈದ್ಯರ ಒಂದು ಶಿಫಾರಸು ಚೀಟಿಯ ಮೇಲೆಯೇ ಉಚಿತ ತರಬೇತಿ ಶುರುವಾಗಲಿ. ಶೇಕಡಾವಾರು ಲೆಕ್ಕ ಆಮೇಲೆ ಹಾಕಿಕೊಳ್ಳಬಹುದು.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಅನುಮಾನ ಬಂದ ದಿನವೇ ಜಿಲ್ಲಾ ಆಸ್ಪತ್ರೆಗೆ ಹೋಗಿ, ಮಗುವಿನ ಕಿವಿ ಮತ್ತು ಬೆಳವಣಿಗೆ ಎರಡನ್ನೂ ಪರೀಕ್ಷೆ ಮಾಡಿಸಿ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ, ಆದರೆ ಅದು ಬರಲೆಂದು ತರಬೇತಿ ನಿಲ್ಲಿಸಿಕೊಂಡು ಕೂರಬೇಡಿ. ಆಟಿಸಂ ಅಲ್ಲವೆಂದು ನಾಳೆ ಗೊತ್ತಾದರೂ ಇವತ್ತು ಕಲಿಸಿದ ನಾಲ್ಕು ಮಾತು ವ್ಯರ್ಥವಾಗುವುದಿಲ್ಲ.