ಗೃಹಸ್ಥರ ವಿಚಾರ: ಅಂಚೆಯ ಜಿಲ್ಲೆ

ಮೇಲುವಿಳಾಸದ ಕೊನೆಯಲ್ಲಿ ಬರೆಯತಕ್ಕ ಆರು ಅಂಕೆಗಳ ಪಿನ್ ಕೋಡು ನಮ್ಮ ವಾಚಕರೆಲ್ಲರಿಗೂ ಪರಿಚಿತವಾದುದೇ. ಆದರೆ ಅದನ್ನು ಊಹೆಯಿಂದ ಬರೆಯುವ ಅಭ್ಯಾಸವು ಅನೇಕ ಮನೆಗಳಲ್ಲಿರುವುದನ್ನು ನಾವು ಬಲ್ಲೆವು. ಊರು ಯಾವ ಜಿಲ್ಲೆಗೆ ಸೇರಿದುದೆಂದು ನೆನೆದು, ಆ ಜಿಲ್ಲೆಯ ಮುಖ್ಯಪಟ್ಟಣದ ಸಂಖ್ಯೆಯನ್ನೇ ಬರೆದು, ಕಾಗದವನ್ನು ಪೆಟ್ಟಿಗೆಗೆ ಹಾಕಿ ನಿಶ್ಚಿಂತರಾಗುವರು. ಕಂದಾಯದ ಜಿಲ್ಲೆ ಬೇರೆ, ಅಂಚೆಯ ಜಿಲ್ಲೆ ಬೇರೆ ಎಂಬುದು ಇವರಿಗೆ ಹೊಳೆಯುವುದಿಲ್ಲ.

ಈ ಏರ್ಪಾಡು ಜಾರಿಗೆ ಬಂದುದು ೧೯೭೨ನೆಯ ಇಸವಿ ಆಗಸ್ಟ್ ೧೫ರಂದು. ಕೇಂದ್ರದ ಸಂಪರ್ಕ ಮಂತ್ರಾಲಯದಲ್ಲಿ ಉನ್ನತಾಧಿಕಾರಿಗಳಾಗಿದ್ದ ಶ್ರೀರಾಮ ಭಿಕಾಜಿ ವೇಲಣಕರರು ಇದನ್ನು ರೂಪಿಸಿದರು. ಇವರು ಸಂಸ್ಕೃತದಲ್ಲಿ ಕಾವ್ಯರಚನೆ ಮಾಡಿದವರೂ ಹೌದು. ವಿಳಾಸ ಬರೆಯುವ ಭಾಷೆಗಳು ಹಲವು, ಲಿಪಿಗಳು ಹಲವು. ಹೊಸಹಳ್ಳಿ, ರಾಮಪುರ ಎಂಬ ಹೆಸರಿನ ಗ್ರಾಮಗಳನ್ನಂತೂ ಎಣಿಸಿ ಮುಗಿಸುವವರಾರು? ಈ ತೊಡಕಿಗೆ ಅಂಕೆಯೊಂದೇ ಪರಿಹಾರವೆಂದು ಕಂಡುಬಂದಿತು.

ಮೊದಲನೆಯ ಅಂಕೆಯು ದೇಶದ ವಲಯವನ್ನು ತಿಳಿಸುವುದು. ಅಂತಹ ವಲಯಗಳು ಎಂಟು. ೯ ಎಂಬುದು ಸೈನ್ಯದ ಅಂಚೆಗೆ ಮೀಸಲು. ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳು ೫ನೆಯ ವಲಯದಲ್ಲಿವೆ. ಎರಡನೆಯ ಅಂಕೆಯನ್ನು ಕೂಡಿಸಿ ಓದಿದರೆ, ೫೬ರಿಂದ ೫೯ರವರೆಗಿನವು ಕರ್ನಾಟಕದವು. ಮೂರನೆಯ ಅಂಕೆಯು ಸೇರಿದಾಗ ವಿಂಗಡಣೆಯ ಜಿಲ್ಲೆಯೂ, ಕೊನೆಯ ಮೂರರಿಂದ ಕಾಗದವನ್ನು ಹಂಚುವ ಕಛೇರಿಯೂ ಗೊತ್ತಾಗುವುವು. ಹಿಂದೆ 'ಬೆಂಗಳೂರು–೪' ಎಂದು ಬರೆಯುತ್ತಿದ್ದ ಬಸವನಗುಡಿಯು ೫೬೦೦೦೪ ಆದುದು ಹೀಗೆ.

ವಿಂಗಡಣೆಯ ಈ ಜಿಲ್ಲೆಯಲ್ಲಿಯೇ ವಿಚಾರವೆಲ್ಲವೂ ಅಡಗಿರುವುದು. ಜಿಲ್ಲಾಧಿಕಾರಿಯ ಎಲ್ಲೆಯನ್ನು ಅದು ಅನುಸರಿಸಬೇಕಾದುದಿಲ್ಲ. ಅಂಚೆಯ ಚೀಲವು ಯಾವ ಪಟ್ಟಣಕ್ಕೆ ಬಂದು, ಅಲ್ಲಿ ಬಿಚ್ಚಲ್ಪಟ್ಟು, ಎತ್ತ ಹೋಗುವುದೆಂಬುದನ್ನು ಅನುಸರಿಸುವುದು. ದಾವಣಗೆರೆಗೆ ೫೭೭೦೦೧, ಚಿಕ್ಕಮಗಳೂರಿಗೆ ೫೭೭೧೦೧, ಶಿವಮೊಗ್ಗಕ್ಕೆ ೫೭೭೨೦೧, ಚಿತ್ರದುರ್ಗಕ್ಕೆ ೫೭೭೫೦೧. ನಾಲ್ಕು ಜಿಲ್ಲೆಗಳ ಮುಖ್ಯಪಟ್ಟಣಗಳು, ಮೊದಲ ಮೂರು ಅಂಕೆಗಳು ಮಾತ್ರ ಒಂದೇ! ದಾವಣಗೆರೆಯು ೧೯೯೭ರಲ್ಲಿ ಪ್ರತ್ಯೇಕ ಜಿಲ್ಲೆಯಾದರೂ ೫೭೭ ಬದಲಾಗಲಿಲ್ಲ. ತರೀಕೆರೆಯನ್ನು ನೋಡಿರಿ. ಕಂದಾಯದ ಲೆಕ್ಕದಲ್ಲಿ ಅದು ಚಿಕ್ಕಮಗಳೂರು ಜಿಲ್ಲೆಯ ತಾಲ್ಲೂಕು. ಅದರ ಸಂಖ್ಯೆ ೫೭೭೨೨೮, ಶಿವಮೊಗ್ಗದ ಸಾಲಿನದು. ಮಡಿಕೇರಿಯೂ ಮಂಡ್ಯವೂ ೫೭೧ರಲ್ಲಿ ಜೊತೆಗೂಡಿವೆ. ಮೈಸೂರು ನಗರವೋ ೫೭೦. ಪುದುಚೇರಿಯ ಆಡಳಿತಕ್ಕೆ ಸೇರಿದ ಮಾಹೆಗೆ ಕೇರಳದ ಸಾಲಿನ ೬೭೩೩೧೦ ಸಂಖ್ಯೆಯೂ, ಯಾನಾಮಿಗೆ ಆಂಧ್ರದ ಸಾಲಿನ ೫೩೩೪೬೪ ಸಂಖ್ಯೆಯೂ ಇರುವುವೆಂದ ಮೇಲೆ ಹೆಚ್ಚು ಹೇಳುವುದೇನು?

ಮೊದಲ ಮೂರು ಅಂಕೆಗಳಲ್ಲಿ ಒಂದು ತಪ್ಪಿದರೂ ಕಾಗದವು ಬೇರೊಂದು ಚೀಲವನ್ನು ಸೇರಿ, ಕಾಣದ ಊರನ್ನು ಕಂಡು ಬರಬೇಕಾದೀತು. ಯೋಗಕ್ಷೇಮದ ಕಾಗದವಾದರೆ ನಾಲ್ಕು ದಿನ ಕಾಯಬಹುದು. ಉದ್ಯೋಗದ ಸಂದರ್ಶನಕ್ಕೆ ಕರೆದ ಪತ್ರವು ಸಂದರ್ಶನದ ಮರುದಿನ ಬಂದರೆ ಆ ಹುಡುಗನ ಗತಿಯೇನು? ಅರ್ಜಿಯಲ್ಲಿ ಸಂಖ್ಯೆಯನ್ನು ಊಹಿಸಿ ಬರೆದವರು ಮನೆಯವರೇ ಆಗಿದ್ದರೆ ಯಾರನ್ನು ದೂರುವುದು?

ಹಾಗೆಂದು ಅಂಕೆಯೊಂದನ್ನೇ ನಂಬಿ ಊರ ಹೆಸರನ್ನು ಮೊಟಕು ಮಾಡುವುದೂ ಸಲ್ಲದು. ದೇಶದ ಅಂಚೆ ಕಛೇರಿಗಳು ಒಂದೂವರೆ ಲಕ್ಷಕ್ಕೂ ಮಿಕ್ಕಿವೆ. ಪಿನ್ ಸಂಖ್ಯೆಗಳಾದರೋ ಹತ್ತೊಂಬತ್ತು ಸಾವಿರದ ಆಸುಪಾಸು. ಹಳ್ಳಿಯ ಶಾಖಾ ಕಛೇರಿಗಳು ಹಲವು ಕೂಡಿ ಒಂದೇ ಸಂಖ್ಯೆಯನ್ನು ಹಂಚಿಕೊಂಡಿರುವುದರಿಂದ, ಗ್ರಾಮ, ಅಂಚೆ, ತಾಲ್ಲೂಕು ಮೂರನ್ನೂ ಬಿಡಿಸಿ ಬರೆಯತಕ್ಕುದು.

ಇನ್ನೊಂದು ಮಾತು. ಈ ಪುಟದಲ್ಲಿ ನಾವು ಕನ್ನಡದ ಅಂಕೆಗಳನ್ನೇ ಅಚ್ಚು ಹಾಕಿಸಿರುವೆವು. ಅವುಗಳ ಮೇಲೆ ನಮಗಿರುವ ಮಮತೆ ಅಷ್ಟಿಷ್ಟಲ್ಲ. ಆದರೆ ಅಸ್ಸಾಮಿನಲ್ಲಿ ಚೀಲ ಬಿಚ್ಚುವವನಿಗೆ ನಮ್ಮ ೬ಕ್ಕೂ ೯ಕ್ಕೂ ಇರುವ ಭೇದ ತಿಳಿಯುವ ಬಗೆ ಹೇಗೆ? ಹೊರನಾಡಿಗೆ ಹೋಗುವ ಕಾಗದದ ಮೇಲೆ ಎಲ್ಲರೂ ಓದಬಲ್ಲ ಇಂಗ್ಲಿಷ್ ಅಂಕೆಗಳನ್ನು, ಕಾರ್ಡಿನಲ್ಲಿ ಅಚ್ಚಾಗಿರುವ ಆರು ಚೌಕಗಳಲ್ಲಿ ಒಂದಕ್ಕೊಂದು ತಾಗದಂತೆ ಬರೆಯಿರಿ. ಸಂಖ್ಯೆ ತಿಳಿಯದಿದ್ದರೆ ಆ ಊರಿನಿಂದ ಬಂದ ಹಳೆಯ ಕಾಗದದ ಮೇಲಿನ ಕಳುಹಿಸಿದವರ ವಿಳಾಸವನ್ನು ನೋಡಿಕೊಳ್ಳಬಹುದು. ಅಂಚೆ ಕಛೇರಿಯಲ್ಲಿ ವಿಚಾರಿಸಿದರೂ ಹೇಳುವರು.